ಬರೆದಿಡದ ಚರಣ

ಬೆಳಗಿನ ಐದೂವರೆ. ಯಡಿಯೂರಿನ ಮನೆಯಲ್ಲಿ ಸೇತುರಾಮ ಅವರು ದೇವರಿಗೆ ದೀಪ ಹಚ್ಚಿ, ಹಾರ್ಮೋನಿಯಂ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಾರೆ. ಬಲಗೈ ಪಲ್ಲವಿಯನ್ನು ಸಲೀಸಾಗಿ ನುಡಿಸುತ್ತದೆ. ಚರಣಕ್ಕೆ ಬಂದೊಡನೆ ಬೆರಳು ನಿಂತುಬಿಡುತ್ತದೆ. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ.

“ಅಪ್ಪಾ, ಕಾಫಿ ಆರಿಹೋಗ್ತಿದೆ,” ಎನ್ನುತ್ತಾರೆ ಮಗಳು ಲತಾಮಣಿ.

“ಆರ್ಲಿ ಬಿಡೇ. ಇವತ್ತೂ ಬರ್ಲಿಲ್ಲ ಅದು.”

ಸೇತುರಾಮ ಅವರಿಗೆ ಈಗ ಎಂಬತ್ತೊಂಬತ್ತು. ಅರವತ್ತರ ದಶಕದ ಆರಂಭದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿ ಮೂರು ಕನ್ನಡ ಚಿತ್ರಗಳಿಗೆ ಹತ್ತೊಂಬತ್ತು ಹಾಡುಗಳನ್ನು ಮಾಡಿದವರು. ನಾಲ್ಕನೆಯ ಚಿತ್ರ ಬರಲಿಲ್ಲ. ಊರಿಗೆ ಹಿಂತಿರುಗಿ ಜಯನಗರದ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಸಂಗೀತ ಕಲಿಸಿದರು. ಅಲ್ಲಿಯ ಮಕ್ಕಳಿಗೆ ಅವರು ಬರೀ ಪ್ರಾರ್ಥನೆ ಮೇಷ್ಟ್ರು. ಸಿನಿಮಾ ಸಂಗತಿಯನ್ನು ಅವರಾಗಿ ಯಾರಿಗೂ ಹೇಳಿದವರಲ್ಲ.

ಆ ಮೂರು ಚಿತ್ರಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಗ್ರಾಮಫೋನ್ ಪ್ಲೇಟುಗಳಾಗಿ ಬಂದದ್ದು ಎಂಟು ಹಾಡು ಮಾತ್ರ. ಉಳಿದ ಹನ್ನೊಂದು ಹಾಡುಗಳು ಇದ್ದದ್ದು ಅವರ ತಲೆಯಲ್ಲಿ. ನೋಟುಬುಕ್ಕಿನಲ್ಲಿ ಪಲ್ಲವಿಗಳಿಗಷ್ಟೇ ಸ್ವರ ಬರೆದಿದೆ. ಆಗ ರಾಗ ಕದಿಯುವವರ ಭಯವಿತ್ತಂತೆ. ಪುಸ್ತಕ ಯಾರ ಕೈಗೆ ಸಿಕ್ಕರೂ ಹಾಡು ಪೂರ್ತಿ ಸಿಗಬಾರದೆಂದು ಚರಣವನ್ನು ಬಾಯಲ್ಲೇ ಹೇಳಿಕೊಡುತ್ತಿದ್ದರು. “ಜಾಣತನ ಅಂದ್ಕೊಂಡಿದ್ದೆ. ನೋಡಿ, ಈಗ ನನಗೇ ಸಿಗ್ತಿಲ್ಲ,” ಎನ್ನುತ್ತಾರೆ.

ಮರೆವಿನ ಕಾಯಿಲೆ ಶುರುವಾಗಿದೆ ಎಂದು ವೈದ್ಯರು ಹೇಳಿ ಐದು ತಿಂಗಳಾಯಿತು. ಅಂದಿನಿಂದ ಮನೆಯಲ್ಲಿ ಅವಸರ. ಹಳೆಯ ಶಿಷ್ಯೆ ಕಲ್ಯಾಣಿ, ಈಗ ತಾವೇ ಸಂಗೀತದ ಟೀಚರ್, ಪ್ರತಿ ಭಾನುವಾರ ಬಂದು ಆ ಹನ್ನೊಂದು ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಹತ್ತು ಆಗಿವೆ. ಉಳಿದಿರುವುದು ಒಂದೇ, ನಾಯಕಿ ಬಾಗಿಲಲ್ಲಿ ನಿಂತು ಗಂಡನಿಗಾಗಿ ಕಾಯುವ ಹಾಡು. ಕಳೆದ ತಿಂಗಳು ಕೆರೆ ಸುತ್ತಿ ಬರಲು ಹೋಗಿ ದಾರಿ ಮರೆತ ಮೇಷ್ಟ್ರನ್ನು ಹೂವಿನವಳು ಕೈಹಿಡಿದು ಮನೆಗೆ ಕರೆತಂದಳು. “ನನ್ನನ್ನೇನೋ ತಂದು ಬಿಟ್ರು. ಚರಣಾನ ಯಾರು ತಂದು ಬಿಡ್ತಾರೆ?”

ಭಾನುವಾರ. ಒಂದು ಗಂಟೆಯಿಂದ ಅದೇ ಪಲ್ಲವಿ. ಕವಿ ಬರೆದ ಚರಣದ ಸಾಲಿನಲ್ಲಿ ಎರಡು ಪದ ಬರುತ್ತವೆ, ಮೂರನೆಯದು ಬರುವುದಿಲ್ಲ. ಕಲ್ಯಾಣಿ ಮೆಲ್ಲಗೆ ಕೇಳುತ್ತಾರೆ: “ಮೇಷ್ಟ್ರೇ, ಕವಿಗಳ ಸಾಹಿತ್ಯ ಬಿಡಿ. ಅವರು ಬರೆಯೋಕೆ ಮುಂಚೆ ನೀವು ಏನಂತ ಹಾಡ್ಕೊಂಡಿದ್ರಿ?”

ಆಗೆಲ್ಲ ಮೊದಲು ರಾಗ, ಆಮೇಲೆ ಮಾತು. ಅಲ್ಲಿಯವರೆಗೆ ಅಳತೆಗೆ ಕೂರುವ ಯಾವುದೋ ಮಾತು ಹಾಕಿಕೊಂಡು ಹಾಡುವುದು ವಾಡಿಕೆ.

“ಅದು ಡಮ್ಮಿ ಕಣಮ್ಮ. ಹೇಳಿದ್ರೆ ನಗ್ತೀಯ.”

“ಪ್ರಾರ್ಥನೇಲಿ ನಕ್ಕಿದ್ದಕ್ಕೆ ಬೆಂಚಿನ ಮೇಲೆ ನಿಲ್ಸಿದ್ರಿ. ಇನ್ನು ನಗೋ ಧೈರ್ಯ ಎಲ್ಲಿ?”

ಕಳೆದ ಆಷಾಢದಲ್ಲಿ ತೀರಿಕೊಂಡ ಪತ್ನಿ ಕಾತ್ಯಾಯಿನಿ, ಆ ಕಾಲದಲ್ಲಿ ಮದ್ರಾಸಿಗೆ ಬರೆದಿದ್ದ ಕಾಗದದ ಸಾಲುಗಳೇ ಆ ಡಮ್ಮಿ ಮಾತುಗಳು. ಮಗಳಿಗೂ ಗೊತ್ತಿರಲಿಲ್ಲ. ಸೇತುರಾಮ ಅವರು ಕಣ್ಣು ಮುಚ್ಚಿ, ಗೊಗ್ಗರು ದನಿಯಲ್ಲಿ ಶುರು ಮಾಡುತ್ತಾರೆ: “ಹುಣಸೆಹಣ್ಣು ಮುಗಿಯಿತು, ಮಳೆಗೆ ಮಾಡು ಸೋರಿತು, ನೀವು ಬರುವುದು ಯಾವಾಗ...”

ಬೆರಳು ನಿಲ್ಲುವುದಿಲ್ಲ. ಚರಣ ಮೇಲೇರಿ, ತಿರುಗಿ, ಪಲ್ಲವಿಗೆ ಬಂದು ಕೂಡಿಕೊಳ್ಳುತ್ತದೆ. ಲತಾಮಣಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

“ಅವತ್ತು ಸ್ಟುಡಿಯೋದಲ್ಲಿ ಹಾಡಿಸಿದ್ದು ಹೀಗೇನಾ ಮೇಷ್ಟ್ರೇ?”

“ಗೊತ್ತಿಲ್ಲಮ್ಮ. ಹೌದು ಅನ್ನೋಕೆ ಅವತ್ತಿದ್ದವರು ಒಬ್ಬರೂ ಉಳಿದಿಲ್ಲ.” ದನಿಯಲ್ಲಿ ಮತ್ತೆ ಅದೇ ಅಂಜಿಕೆ. ಇನ್ನೊಮ್ಮೆ ಹಾಡುತ್ತಾರೆ, ಎಲ್ಲಿ ಜಾರಿಹೋಗುತ್ತದೋ ಎಂದು. ಆಮೇಲೆ ಕಲ್ಯಾಣಿಯ ಕೈಹಿಡಿದು ಹೇಳುತ್ತಾರೆ:

“ಫೋನಲ್ಲಿಟ್ರೆ ಸಾಲ್ದು ಕಣಮ್ಮ. ನಾಳೆನೇ ನಿನ್ನ ಕ್ಲಾಸಿನ ಮಕ್ಕಳಿಗೆ ಹೇಳ್ಕೊಡು. ಮುಂದಿನ ವಾರ ನಾನು ತಪ್ಪು ಹಾಡಿದ್ರೆ, ‘ತಾತ, ಹಾಗಲ್ಲ’ ಅಂತ ತಿದ್ದೋಕೆ ನಾಲ್ಕು ಜನ ಇರ್ಬೇಕು.”