ಎರ್ಸಿಲಿಯಾ ಹಾಕಿಸಿದ ಮೋಲ್ಡು

ನಮ್ಮ ಆಸುವಾ ಊರಿನಲ್ಲಿ ಯಾರ ಮನೆಗೆ ಕಾಂಕ್ರೀಟ್ ಸೂರಿನ ಮೋಲ್ಡ್ ಹಾಕಿದರೂ ಎರ್ಸಿಲಿಯಾಗೆ ಹೇಳಿಕಳಿಸುತ್ತಾರೆ. ಇಲ್ಲಿನ ಬಿಸಿಲಿಗೂ ಒಣಗಾಳಿಗೂ ಹಸಿ ಕಾಂಕ್ರೀಟಿನ ಮೈ ನೋಡನೋಡುತ್ತಲೇ ಒಣಗಿ ಸೀಳುತ್ತದೆ. ಮೇಸ್ತ್ರಿ ಮಟ್ಟ ಮಾಡಿ ಹಿಂದೆ ಸರಿದಂತೆ ಅವಳು ಒದ್ದೆ ಗೋಣಿತಾಟು ಹೊದಿಸುತ್ತಾ ಹೋಗುತ್ತಾಳೆ. ಆಮೇಲೆ ವಾರವಿಡೀ ಅಲ್ಲೇ ಕೂತು ನೀರು ಹಾಕುತ್ತಾಳೆ. ಅವಳು ಕಾದ ಮೋಲ್ಡ್ ಬಿರಿದದ್ದನ್ನು ನಾನಂತೂ ಕಂಡಿಲ್ಲ.

ಅವಳದು ಮಾತ್ರ ತಗಡಿನ ಸೂರಿನ ಮನೆಯಾಗಿತ್ತು. ಚಂಡಮಾರುತದ ವರ್ಷ ಹಾರಿದ ತಗಡೊಂದು ಬಡಿದು ಮಗಳು ಸತ್ತಳು. ಮೊಮ್ಮಗಳು ದೆಯಾನಿರಾ ಅಂದಿನಿಂದ ಗಾಳಿ ಎದ್ದರೆ ಸಾಕು, ಮಂಚದ ಕೆಳಗೆ ತೂರುತ್ತಾಳೆ. ಆ ಮಗು ಹೆದರದೆ ಮಂಚದ ಮೇಲೆ ಮಲಗಬೇಕು, ಎರ್ಸಿಲಿಯಾಗೆ ಬೇಕಿದ್ದದ್ದು ಅಷ್ಟೇ. ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ತನ್ನ ಮನೆಗೂ ಮೋಲ್ಡ್ ಹಾಕಿಸಲು ಸಿಮೆಂಟು, ಕಬ್ಬಿಣ ತಂದಳು. ಮೇಸ್ತ್ರಿ ಅವಳ ಮೈದುನ ನಿಕಾನೋರನೇ.

ಮೋಲ್ಡಿನ ದಿನ ಓಣಿಯವರು ಕೂಲಿಯಿಲ್ಲದೆ ಬಕೆಟ್ ಎತ್ತುತ್ತಾರೆ. ಮನೆಯೊಡತಿ ಕೈಯಾರೆ ಬಡಿಸದೆ ಯಾರೂ ಉಣ್ಣುವುದಿಲ್ಲ. ನಸುಕಿನಲ್ಲೇ ಶುರುವಾಗಬೇಕಿತ್ತು, ಬಾಡಿಗೆಯ ಮಿಕ್ಸರ್ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕೊನೆಯ ಬಕೆಟ್ ಸುರಿದಾಗ ನೆತ್ತಿ ಸುಡುತ್ತಿತ್ತು. ಎರ್ಸಿಲಿಯಾ ಗೋಣಿತಾಟು ನೆನೆಸುತ್ತಿದ್ದಳು.

"ಅತ್ತಿಗೆ, ಇಳೀರಿ. ಜನ ಹಸ್ಕೊಂಡು ಕೂತವ್ರೆ," ಎಂದ ನಿಕಾನೋರ್.

"ಇದೊಂದು ಹೊದಿಸ್ಬಿಟ್ಟು ಬತ್ತೀನಿ ಕಣೋ."

"ಮೋಲ್ಡೇನು ಓಡೋಗ್ತದಾ? ನೀವು ಬಡಿಸಿ, ನಾನು ಹೊದಿಸ್ತೀನಿ."

ಇಳಿದಳು. ಬಿಟ್ಟಿ ದುಡಿದವರನ್ನು ಕಾಯಿಸುವುದು ಹೇಗೆ? ಕೋಳಿ ಅನ್ನ ಬಡಿಸಿದಳು. ತಳಹಿಡಿದ ಗರಿಗರಿ ಅನ್ನಕ್ಕೆ ಎಂದಿನಂತೆ ಕಿತ್ತಾಟ, ನಡುವೆ ರಮ್ಮಿನ ಬಾಟಲಿ. ತಟ್ಟೆ ಚಾಚಿದ ಕೈಗಳಲ್ಲಿ ನಿಕಾನೋರನದೂ ಒಂದು. ಅವಳು ಸೌಟು ಅಲ್ಲೇ ಬಿಟ್ಟು ಏಣಿಗೆ ಓಡಿದಳು. ಗೋಣಿತಾಟುಗಳು ಬಕೆಟ್ಟಿನಲ್ಲೇ ಇದ್ದವು, ಮೋಲ್ಡಿನ ಉದ್ದಕ್ಕೂ ಬಿರುಕು ಬಿದ್ದಿತ್ತು. ಹಾಳಾದವರು, ಒಂದು ಗಂಟೆ ತಡವಾಗಿ ಉಂಡಿದ್ದರೆ ಸಾಯುತ್ತಿದ್ದರೇ? ನನಗೆ ಈಗಲೂ ಮೈ ಉರಿಯುತ್ತದೆ.

ನಿಕಾನೋರ್ ಬಿರುಕಿಗೆ ಸಿಮೆಂಟಿನ ಹಾಲು ಹೊಯ್ದು ಮುಚ್ಚಿದ. ಮೊದಲ ಮಳೆಗೇ ಸೋರಿತು, ಮಂಚದ ನೇರಕ್ಕೇ. ಮತ್ತೊಂದು ಮೋಲ್ಡ್ ಹಾಕಿಸುವಷ್ಟು ಆಯಸ್ಸು ಅವಳಿಗಿಲ್ಲ.

ಈಗಲೂ ಊರಿನವರ ಮೋಲ್ಡುಗಳಿಗೆ ನೀರು ಹಾಕುತ್ತಾಳೆ. ಊಟಕ್ಕೆ ಕರೆದರೆ ಇಳಿಯುವುದಿಲ್ಲ, ತಟ್ಟೆಯೇ ಮೇಲಕ್ಕೆ ಹೋಗಬೇಕು. ಹೋದ ವಾರ ಗಾಳಿಮಳೆ ಹೊಡೆದಾಗ ನಾನು ಅವಳ ಮನೆಯಲ್ಲಿದ್ದೆ. ದೆಯಾನಿರಾ ಮಂಚದ ಕೆಳಗಿದ್ದಳು.

"ಅಜ್ಜಿ, ಇದೂ ಹಾರ್ತದಾ?"

"ಇಲ್ಲ ಕಂದ, ಇದು ಹಾರಲ್ಲ."

"ಮತ್ತೆ ಯಾಕೆ ಒಡ್ದೋಗಿದೆ?"

ಎರ್ಸಿಲಿಯಾ ಎದ್ದಳು. ನೆನೆದ ಹಾಸಿಗೆ ಸುತ್ತಿಟ್ಟು, ಮಂಚದ ಕೆಳಗೆ ಮಗುವಿಗೊಂದು ಚಾಪೆ ಹಾಸಿದಳು.