ಬ್ರೇಕ್ ಒತ್ತಲು ಕೂತ ಅಣ್ಣ

ಇವತ್ತು ಪಂಚಮಿ. ಬೆಳಿಗ್ಗೆ ಅಡುಗೆಮನೆಯಲ್ಲಿ ಶೇಂಗಾ ಉಂಡೆ ಕಟ್ಟುತ್ತ ಕೂತಿದ್ದೆ, ಕಿಟಕಿಯಿಂದ ಗೇರ್ ಆಯಿಲ್ ವಾಸನೆ ಬಂತು. ಹಣಿಕಿ ನೋಡಿದರೆ ನಮ್ಮ ಗೇಟಿನೆದುರು ಯಾರದೋ ಟಂಟಂ ರಿಕ್ಷಾ ಕೆಟ್ಟು ನಿಂತಿತ್ತು, ಅಡಿಯಿಂದ ಎಣ್ಣೆ ಸೋರುತ್ತಿತ್ತು. ಆ ವಾಸನೆಯ ಪರಿಚಯ ನಿಮಗಿಲ್ಲದಿದ್ದರೆ ನಿಮ್ಮ ಪುಣ್ಯ. ಗಂಧಕದ ಘಾಟು ಅದು. ಒಮ್ಮೆ ಕೈಗೆ ಹತ್ತಿದರೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ಕೈಯಲ್ಲಿದ್ದ ಉಂಡೆ ಪುಡಿಪುಡಿಯಾಯಿತು. ಯಾರ ಮೇಲೆ ಸಿಟ್ಟು ಅಂತೀರಾ? ನಮ್ಮಣ್ಣನ ಮೇಲೆ.

ಹೇಳುತ್ತೇನೆ, ಕೂತುಕೊಳ್ಳಿ. ಅವಸರವಿದ್ದರೆ ಎದ್ದು ಹೋಗಿ. ನಿಮ್ಮ ಮೇಲೂ ಸಿಟ್ಟಾಗುತ್ತೇನೆ, ಅಷ್ಟೆ.

ನನ್ನ ತವರು ಹತ್ತಿಮತ್ತೂರು. ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರಿಗೊಂದು ಹಳೆಯ ಕಾರಿತ್ತು, ಅದಕ್ಕೆ ಯಾವ ಮೆಕ್ಯಾನಿಕ್ಕನ ಕೈಯನ್ನೂ ಹಚ್ಚಗೊಡುತ್ತಿರಲಿಲ್ಲ. ರಜೆ ಬಂತೆಂದರೆ ತಾವೇ ಬಿಚ್ಚುವುದು, ತಾವೇ ಕೂಡಿಸುವುದು. ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡುವವಳು ನಾನು. ಅಣ್ಣ ಇಸ್ತ್ರಿ ಅಂಗಿ ಕೆಟ್ಟೀತೆಂದು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. "ಹುಡಿಗಿ ಕೈ ನೋಡ್ರಿ, ಬರೇ ಮಸಿ! ನಾಳೆ ನೋಡಾಕ ಬಂದವ್ರು ಏನಂದಾರು?" ಅಂತ ಅವ್ವ ಒದರುತ್ತಿದ್ದಳು. "ಬಂದವ್ರ ಗಾಡಿ ಕೆಟ್ರ ಇಕಿನ ರಿಪೇರಿ ಮಾಡಿ ಕಳಸ್ತಾಳ, ಸುಮ್ನಿರು" ಅನ್ನುತ್ತಿದ್ದರು ಅಪ್ಪ. ನೋಡಲು ಬಂದವರ ಗಾಡಿ ಕೆಡಲಿಲ್ಲ. ನನ್ನ ಮದುವೆಯಾಯಿತು, ಶಿಗ್ಗಾಂವಿಗೆ ಬಂದೆ, ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸತೊಡಗಿದೆ.

ಅವ್ವ ಹೋದಳು, ಆಮೇಲೆ ಅಪ್ಪ ಹೋದರು. ದಿನ ಕರ್ಮ ಮುಗಿದ ಮೇಲೆ ಅಣ್ಣ ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಅಪ್ಪನ ನೆನಪಿಗೆ ಇಟ್ಕೋ ತಂಗಿ" ಅಂದ. ನನಗೆ ಕಣ್ಣು ತುಂಬಿ ಬಂದವು. ಹೊಲದಲ್ಲಿ ನನ್ನ ಪಾಲಿಗೆ ಬದಲಾಗಿ ಕಾರು ಕೊಟ್ಟೆನೆಂದು ಅವನು ಊರ ತುಂಬ ಹೇಳಿಕೊಂಡು ತಿರುಗಿದ್ದು ಆಮೇಲೆ ಗೊತ್ತಾಯಿತು. ನನ್ನ ಕಣ್ಣೀರು ದಂಡವಾಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಕಾರು ಒಂದು ಬೇಸಿಗೆಯಲ್ಲಿ ಹುಲಗೂರಿನ ದಾರಿಯಲ್ಲಿ ಕಟಕಟ ಅನ್ನತೊಡಗಿತು. ನೇರ ಹೋದರೆ ಸುಮ್ಮನಿರುತ್ತಿತ್ತು, ತಿರುವಿದರೆ ಸದ್ದು. ಬಗ್ಗಿ ನೋಡಿದೆ. ಎಡಗಡೆಯ ಆಕ್ಸಲ್ ಹೋಗಿತ್ತು. ಗೇರ್‌ಬಾಕ್ಸಿನಿಂದ ಗಾಲಿಯವರೆಗೆ ಒಂದು ಕಬ್ಬಿಣದ ದಂಡವಿರುತ್ತದೆ, ಗಾಲಿ ತಿರುಗಿಸುವುದೇ ಅದು. ಅದರ ತುದಿಯ ರಬ್ಬರ್ ಚೀಲ ಹರಿದು ಗ್ರೀಸೆಲ್ಲ ಹೊರಗೆ ಚೆಲ್ಲಿತ್ತು. ಹೊಸದನ್ನು ತರಲು ಹುಬ್ಬಳ್ಳಿಗೆ ಹೋದೆ. "ಫಿಟ್ ಮಾಡವ್ರನ್ನ ಕಳಸ್ಬೇಕಿತ್ರಿ ಅಕ್ಕಾರ" ಅಂದ ಅಂಗಡಿಯವ. "ಫಿಟ್ ಮಾಡಾಕಿ ನಾನ" ಅಂದೆ. ಅವನು ಕಿಸಕ್ಕನೆ ನಕ್ಕ. ಮನೆಯಲ್ಲೇ ಹಾಕಬೇಕೆಂಬ ಹಟ ಗಟ್ಟಿಯಾದದ್ದು ಆ ನಗೆಗೆ.

ಭಾನುವಾರ ನಮ್ಮ ಮನೆಯವರು ಹಾನಗಲ್ಲಿಗೆ ಯಾರದೋ ಮದುವೆಗೆ ಹೋದರು. ನಾನು ಹಳೆಯ ಚೂಡಿದಾರ ಹಾಕಿಕೊಂಡು, ಅಂಗಳದಲ್ಲಿ ಗಾಡಿಯನ್ನು ಜಾಕಿನಿಂದ ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಗಾಲಿ ಬಿಚ್ಚಿದೆ. ಆಕ್ಸಲ್ಲಿನ ತುದಿಗೆ ಒಂದು ದೊಡ್ಡ ನಟ್ಟಿರುತ್ತದೆ. ಅದಕ್ಕೆ ಪಾನಾ ಹಾಕಿ ಜಗ್ಗಿದರೆ ನಟ್ಟಿನ ಜೊತೆ ಗಾಲಿ ಕೂಡುವ ಹಬ್ಬೂ ಗರಗರ ತಿರುಗುತ್ತದೆ, ನಟ್ಟು ಸಡಿಲಾಗುವುದಿಲ್ಲ. ಒಳಗೆ ಯಾರಾದರೂ ಬ್ರೇಕ್ ಒತ್ತಿ ಹಿಡಿಯಬೇಕು. ಯಾರನ್ನು ಕರೆಯಲಿ ಅಂತ ಯೋಚಿಸುತ್ತಿದ್ದಾಗಲೇ ಅಣ್ಣ ಗೇಟು ತೆಗೆದ. ಕೈಯಲ್ಲಿ ಪೇಢೆಯ ಪೊಟ್ಟಣ, ಮೈಮೇಲೆ ಬಿಳಿ ಅಂಗಿ.

"ನಾಳೆ ಸವಣೂರಿಗೆ ಬಾ ತಂಗಿ. ಹೊಲದಾಗ ನನಗ ಪಾಲು ಬ್ಯಾಡ ಅಂತ ಕಚೇರ್ಯಾಗ ಒಂದು ಸಹಿ ಹಾಕಿದ್ರ ಆತು."

ಪೇಢೆ ಯಾಕೆಂದು ತಿಳಿಯಿತು. "ಬಂದೀಯಲ್ಲ, ಒಳಗ ಕುಂತು ಬ್ರೇಕ್ ಒತ್ತು. ನಾ ಸಾಕು ಅನ್ನೂತನಕ ಬಿಡಬ್ಯಾಡ" ಅಂದೆ.

ಕೂತ. ಒತ್ತಿದ. ನಾನು ಪಾನಾದ ಹಿಡಿಕೆಗೆ ಉದ್ದದ ಪೈಪು ಸಿಗಿಸಿ ಮೈಯೆಲ್ಲ ಭಾರ ಹಾಕಿದೆ. ಈ ಮನುಷ್ಯನಿಗೆ ಮಾತು ಶುರುವಾದರೆ ಕಾಲು ಸಡಿಲಾಗುತ್ತಿತ್ತು.

"ಅಲ್ಲಬೇ, ನಿನಗ ಪಗಾರ ಬರತೈತಿ, ನಿನ್ನ ಗಂಡಗ ಬರತೈತಿ..."

ಹಬ್ಬು ತಿರುಗಿತು, ಪಾನಾ ಜಾರಿತು, ನನ್ನ ಬೆರಳ ಗೆಣ್ಣು ತಗಡಿಗೆ ಬಡಿದು ಚರ್ಮ ಕಿತ್ತುಬಂತು.

"ಒತ್ತೋ!"

"ಒತ್ತೇನಲ್ಲ! ಆ ಹೊಲ ತಗೊಂಡು ನೀ ಏನ್ ಮಾಡಾಕಿ?"

ಮತ್ತೆ ಜಾರಿತು.

"ನೀ ಏನ್ ಮಾಡಾಂವ?" ಅಂತ ಕೇಳಿದೆ.

"ನಾ ಗಂಡಮಗ ಅದೇನಿ!"

ಈ ಮಾತಿಗೆ ನನಗೆ ಅದೆಲ್ಲಿಯ ಶಕ್ತಿ ಬಂತೋ ಕಾಣೆ, ನಟ್ಟು ಕಿರ್ರೆಂದು ಸಡಿಲಾಯಿತು.

ಹಬ್ಬನ್ನು ಹೊರಗೆಳೆದು, ಆಕ್ಸಲ್ಲಿನ ಆ ತುದಿ ಬಿಡಿಸಿ, ಗಾಡಿಯಡಿ ಅಂಗಾತ ಮಲಗಿದೆ. ಗೇರ್‌ಬಾಕ್ಸಿನಲ್ಲಿ ಸಿಕ್ಕಿಕೊಂಡ ತುದಿಗೆ ಸಲಾಕೆ ಕೊಟ್ಟು ಮೀಟಿದಾಗ ದಂಡ ಕಿತ್ತು ನನ್ನೆದೆಯ ಮೇಲೆ ಬಂತು. ಹಿಂದೆಯೇ ಕರಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಅಪ್ಪನ ಜೊತೆ ಮಾಡುವಾಗ ಇದು ಹಬ್ಬದಂಥ ಗಳಿಗೆ. ಅವತ್ತು ಮೇಲಿನಿಂದ ಅಣ್ಣನ ದನಿ ಬಂತು, ಬಹಳ ತಣ್ಣಗೆ.

"ಸಹಿ ಹಾಕಲಿಲ್ಲಂದ್ರ ತವರಿನ ಬಾಗಲಾ ಮುಚ್ಚಿತು ಅಂತ ತಿಳಕೋ. ಪಂಚಮಿಗೆ ನಿನ್ನ ಕರ್ಯಾಕ ಯಾರೂ ಬರಂಗಿಲ್ಲ."

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಮಾತು ಏನೆಂದು ಪರವೂರಿನವರಿಗೆ ಹೇಗೆ ಹೇಳಲಿ? ಪಂಚಮಿಗೆ ಅಣ್ಣ ತಮ್ಮಂದಿರು ಬಂದು ಕರೆದೊಯ್ದರೆ ನಮಗೆ ತವರಿದೆ ಅಂತ ಲೆಕ್ಕ. ಇದೊಂದಕ್ಕೆ ಹೆದರಿ ಎಷ್ಟು ಮಂದಿ ಅಕ್ಕತಂಗಿಯರು ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಬಂದಿಲ್ಲ! ನಾನೂ ಹೆದರಿದೆ. ಆದರೂ ಅಡಿಯಿಂದಲೇ ಕೂಗಿದೆ, "ಅಪ್ಪನ ಹೊಲ ಅದು. ನಾ ಸಹಿ ಹಾಕಂಗಿಲ್ಲ, ಏನ್ ಮಾಡ್ಕೋತಿ ಮಾಡ್ಕೋ!"

ಅವನು ಇಳಿದು ಬಾಗಿಲನ್ನು ಧಡಾರೆಂದು ಹಾಕಿದ. ಗಾಡಿ ಸ್ಟ್ಯಾಂಡಿನ ಮೇಲೆ ಓಲಾಡಿತು. ನಾನು ಅಡಿಯಲ್ಲಿದ್ದೆ. ನಾನು ಅಡಿಯಲ್ಲಿದ್ದದ್ದು ಅವನಿಗೆ ಗೊತ್ತಿತ್ತು. "ಅಣ್ಣಾ!" ಅಂತ ಚೀರಿದೆ. ಅವನ ಚಪ್ಪಲಿಗಳು ಗೇಟಿನತ್ತ ಹೋದವು, ನಿಲ್ಲಲಿಲ್ಲ.

ಸ್ಟ್ಯಾಂಡ್ ತಡೆಯಿತು. ಹೊರಗೆ ಬಂದು ಅಂಗಳದಲ್ಲಿ ಕೂತು ಅತ್ತೆ. ಹೆದರಿಕೆಗೋ ಸಿಟ್ಟಿಗೋ, ಎರಡಕ್ಕೂ ಅತ್ತೆ. ಆಮೇಲೆ ಹೊಸ ಆಕ್ಸಲ್ ಎತ್ತಿಕೊಂಡು ಮತ್ತೆ ಅಡಿಗೆ ಹೋದೆ. ಗೇರ್‌ಬಾಕ್ಸಿನ ಬಾಯಿಯ ಸೀಲು ಹರಿಯದ ಹಾಗೆ ಮೆಲ್ಲಗೆ ತೂರಿಸಿ, ಒಂದೇ ಸಲ ಜೋರಾಗಿ ನೂಕಿದೆ. ಟಕ್ ಅಂತ ಕೂತಿತು. ಈಗ ನಟ್ಟು ಬಿಗಿಯಬೇಕು. ಅಂದರೆ ಮತ್ತೆ ಬ್ರೇಕ್ ಒತ್ತುವವರು ಬೇಕು.

ಸುತ್ತ ನೋಡಿದೆ. ಗೋಡೆಗೆ ಒಂದು ಮುರಿದ ಗುದ್ದಲಿಯ ಕಾವು ಒರಗಿತ್ತು. ಅದರ ಒಂದು ತುದಿಯನ್ನು ಪೆಡಲಿಗೆ ಕೊಟ್ಟೆ, ಇನ್ನೊಂದನ್ನು ಸೀಟಿಗೆ ಆನಿಸಿ ಸೀಟು ಮುಂದೆ ಸರಿಸಿದೆ. ಬ್ರೇಕ್ ಹಿಡಿದು ನಿಂತಿತು. ನಟ್ಟು ಬಿಗಿದೆ, ಹಬ್ಬು ಒಂದಿಷ್ಟೂ ಅಲುಗಲಿಲ್ಲ. ಕಾವು ಹೊಲದ ಮಾತೆತ್ತಲಿಲ್ಲ. ಇಷ್ಟಕ್ಕೆ ನಾನು ಅಣ್ಣನನ್ನು ಕೂರಿಸಿದ್ದೆನೇ! ನನ್ನ ಮೇಲೇ ನನಗೆ ರೇಗಿತು. ಎಣ್ಣೆ ತುಂಬಿ, ಗಾಲಿ ಹಾಕಿ, ಮರುದಿನ ಆ ಗಾಡಿಯಲ್ಲೇ ಸವಣೂರಿಗೆ ಹೋಗಿ, "ನನ್ನ ಹೆಸರೂ ಹಚ್ರಿ" ಅಂತ ಕಚೇರಿಯಲ್ಲಿ ಹೇಳಿ ಬಂದೆ. ಅಣ್ಣ ನನ್ನ ಮುಖ ನೋಡಲಿಲ್ಲ.

ಹೆಸರು ಬಂತು. ಪಂಚಮಿಗೆ ಯಾರೂ ಬರಲಿಲ್ಲ. ಮರುವರ್ಷವೂ ಇಲ್ಲ. ವರ್ಷಕ್ಕೆರಡು ಸಲ ಹೊಲದ ಬದುವಿನ ಮೇಲೆ ಅಡ್ಡಾಡಿ ಬರುತ್ತೇನೆ, ಮನೆಯ ಮೆಟ್ಟಿಲು ಹತ್ತಿಲ್ಲ. ಆದರೆ ಕಾದಿಲ್ಲವೆಂದು ಸುಳ್ಳು ಹೇಳಲಾರೆ. ಪಂಚಮಿಯ ದಿನ ಗೇಟಿನ ಸದ್ದಾದರೆ ಈಗಲೂ ಕಿವಿ ನೆಟ್ಟಗಾಗುತ್ತವೆ. ಇವತ್ತೂ ಆ ಟಂಟಂ ನಿಂತ ಸದ್ದಿಗೆ ಉಂಡೆ ಹಿಡಿದುಕೊಂಡೇ ಎದ್ದು ನಿಂತಿದ್ದೆ. ಪಕ್ಕದ ಮನೆಯಾಕೆ ಕಂಪೌಂಡಿನಾಚೆಯಿಂದ, "ಈ ಸರ್ತಿನೂ ಕರ್ಯಾಕ ಯಾರೂ ಬರಲಿಲ್ಲೇನ್ರಿ?" ಅಂದಳು. ಸಾಕಾಯಿತು. ಉಂಡೆಗಳನ್ನು ಡಬ್ಬಿಗೆ ತುಂಬಿ ಗಾಡಿ ಹತ್ತಿದೆ. ತವರಿಗೆ ಹೋಗಲು ನನಗೆ ಯಾರ ಕರೆ ಬೇಕು? ಬಾಗಿಲು ಹಾಕುವುದಾದರೆ ನನ್ನ ಮುಖದ ಮುಂದೆ ಹಾಕಲಿ.

ಬಾಗಿಲಲ್ಲಿ ವೈನಿ ನಿಂತಿದ್ದಳು, ಅಣ್ಣನ ಹೆಂಡತಿ. ಬೈಯಲು ಬಾಯಿ ತೆರೆದಿದ್ದೆ, "ಬರ್ರಿ" ಅಂದುಬಿಟ್ಟಳು. ಕಣ್ಣು ಊದಿದ್ದವು.

"ಎಲ್ಲೆ ಅದಾನ ಅಣ್ಣ?"

"ಹಂಸಭಾವಿಗೆ ಹೋಗ್ಯಾರ್ರಿ, ನಮ್ಮ ತವರಿಗೆ. ನಮ್ಮಪ್ಪ ಹೋದ ಮ್ಯಾಲೆ ತಮ್ಮಂದಿರು ಹೊಲ ಹಂಚ್ಕೊಳ್ಳಾಕತ್ತಾರ. ನನ್ನ ಪಾಲು ಕೇಳಾಕ ಹೋಗ್ಯಾರ."

ಉಂಡೆಯ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದೆ.

"ನಾ ಬ್ಯಾಡ ಅಂದೆ. ಪಾಲು ಕೇಳಿದ್ರ ಪಂಚಮಿಗೆ ತಮ್ಮಂದಿರು ನನ್ನ ಕರ್ಯಾಕ ಬರಂಗಿಲ್ಲ ಅಂದೆ. ಪಂಚಮಿ ಹೋದ್ರ ಹೋತು, ಪಾಲು ಯಾಕ ಬಿಡಬೇಕು ಅಂದ್ರು ನಿಮ್ಮಣ್ಣಾರು."

ಇಷ್ಟು ವರ್ಷದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿದರೂ ಆ ಗಳಿಗೆಯ ಸಿಟ್ಟಿಗೆ ಸಮವಾಗಲಿಕ್ಕಿಲ್ಲ. ಅದರ ಜೊತೆಗೇ ನಗೆಯೂ ಬಂತು, ತಡೆಯಲಾಗಲಿಲ್ಲ. ವೈನಿ ಗಾಬರಿಯಾಗಿ ನೋಡಿದಳು.

"ಹೊಲ ನಿಮ್ಮಪ್ಪಂದು. ಕೇಳೂದು ಬಿಡೂದು ಅಂವಾ ಯಾಕ ಮಾಡ್ತಾನ? ನಿಮಗ ಏನ್ ಬೇಕು ಅದನ್ನ ನೀವ ಹೋಗಿ ಹೇಳ್ರಿ. ಕೀಲಿ ಹಾಕ್ರಿ ಮನಿಗೆ, ಹಂಸಭಾವಿಗೆ ಹೋಗೂಣು" ಅಂದೆ.

ಆಕೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು, ಕೀಲಿ ಹಾಕಿ, ಗಾಡಿಯ ಹಿಂದಿನ ಬಾಗಿಲಿಗೆ ಕೈ ಹಾಕಿದಳು.

"ಹಿಂದ ಬ್ಯಾಡ್ರಿ ವೈನಿ" ಅಂದೆ. "ಮುಂದ ಕುಂದರ್ರಿ."