ಬಂಡೆ ಗುಂಡೀಲಿ ಗಂಗೆ ಪೂಜೆ

ಇಲ್ಲೇ ಕೂತ್ಕೋ ಮಗಾ, ಕಾಫಿ ಆರೋಗ್ತದೆ. ಸಿದ್ದಕ್ಕನ ಇಚಾರ ಪೂರ್ತಿ ಏಳ್ಬಿಡ್ತೀನಿ. ಈಗ ಎದೆ ಅಗುರಾಗೈತೆ ಕಣೋ.

ಸಿದ್ದಕ್ಕ ಅಂದ್ರೆ ನಮ್ಮ ಇತ್ಲ ರೂಮಲ್ಲಿ ಬಾಡ್ಗೆಗಿರೋಳು. ಯಾದಗಿರಿ ಕಡೆಯೋಳು. ಗಂಡ ಯಮನಪ್ಪನ ಜೊತೆ ಈ ಜಿಗಣಿಗೆ ಬಂದಾಗ ಇನ್ನೂ ಚಿಕ್ಕೋಳು. ನಮ್ಮ ಇಂದಗಡೆ ಬಂಡೆ ಗುಂಡಿ ಐತಲ್ಲ, ಅದ್ರಲ್ಲೇ ಕಲ್ಲು ಒಡೀತಿದ್ಳು. ಕಲ್ಲಿನ ಚೂರು ಸಿಡ್ದು ಕಣ್ಣುಬ್ಬಿನ ಮೇಲೆ ಗಾಯ ಆಗಿ, ಅಲ್ಲಿ ಇವತ್ತಿಗೂ ಕೂದ್ಲಿಲ್ಲ. ಕ್ವಾರಿ ನಿಂತೋದ್ಮೇಲೆ ಬೊಮ್ಮಸಂದ್ರದಲ್ಲಿ ಮಾತ್ರೆ ಮಾಡೋ ಫ್ಯಾಕ್ಟ್ರೀಲಿ ನೆಲ ಒರ್ಸೋ ಕೆಲ್ಸ. ಅವಳ ಜೋಳದ ರೊಟ್ಟಿ ತಿಂದಿದೀಯಾ? ನನ್ಗೆ ಅಗಿಯೋಕಾಗಲ್ಲ, ಆದ್ರೂ ಸಾರಲ್ಲಿ ನೆನ್ಸಿ ತಿಂತೀನಿ.

ಏನೇಳ್ತಿದ್ದೆ? ಆ, ಗುಂಡಿ. ಅದ್ರಲ್ಲಿ ಮಳೆ ನೀರು ನಿಲ್ತದೆ, ಅದ್ರಿಂದ್ಲೇ ನಮ್ಮ ಬೋರಲ್ಲಿ ನೀರು ಬರೋದು. ನಾವು, ರೂಮಿನೋರು, ಎಲ್ಲ ಕುಡಿಯೋದು ಅದನ್ನೇ. ಒಬ್ಬ ಕಂಟ್ರಾಕ್ಟ್ರು ಗುಂಡಿ ಮುಚ್ಚಿ ನೆಲ ಮಾಡ್ತೀನಿ, ಗೋಡೌನ್ ಕಟ್ತೀನಿ ಅಂತ ಪರ್ಮಿಟ್‌ಗೆ ಅರ್ಜಿ ಆಕ್ದ. ತುಂಬ್ಸೋದು ಏನು? ಫ್ಯಾಕ್ಟ್ರಿ ಬೂದಿ! ಅರ್ಜೀಲಿ ಒಣ ಗುಂಡಿ, ಯಾರೂ ಬಳ್ಸಲ್ಲ ಅಂತ ಬರ್ದಿದ್ನಂತೆ. ಮೇಲಿಂದ ನೋಡಿದ್ರೆ ಅಂಗೇ ಕಾಣ್ತದೆ ಕಣೋ. ನೀರಿರೋದು ಕೆಳಗೆ, ಬಂಡೆ ಮರೇಲಿ.

ಪರ್ಮಿಟ್ ಆಫೀಸಿಂದ ಒಬ್ರು ಮೇಡಂ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ನಾನು, "ಎಲ್ಲ ಎಂಗಸ್ರೂ ಸೇರಿ ಗಲಾಟೆ ಮಾಡೋಣ ಕಣೇ" ಅಂದೆ.

ಸಿದ್ದಕ್ಕ ನಕ್ಕು, "ಬೈದ್ರ ಮೇಡಮ್ಮಾರು ಕಾರ್ ಹತ್ತಿ ಹೋಗ್ತಾರ್ರೀ ಅಮ್ಮಾ. ಕುಂಕುಮಕ್ಕ ಕರದ್ರ ಹೋಗಾಕ ಬರಂಗಿಲ್ಲ" ಅಂದ್ಳು.

ಅವಳ ಸೊಸೆ ಶೈಲಶ್ರೀ ಬಾಣಂತನ ಮುಗ್ಸಿ ಎದ್ದಿದ್ಳು. ಅವ್ರ ಕಡೆ ಬಾಣಂತಿ ಗಂಗೆ ಪೂಜೆ ಮಾಡಿ ನೀರು ತರೋ ಪದ್ಧತಿ ಐತೆ. ಊರಿಗೋಗಿ ಮಾಡೋದನ್ನ ಬಿಟ್ಟು, ಸಿದ್ದಕ್ಕ ಮೇಡಂ ಬರೋ ದಿನಾನೇ ಗುಂಡಿ ಅತ್ರ ಇಟ್ಕೊಂಡ್ಳು.

ಬಂದಿದ್ದು ಸವಿತಾ ಅಂತ ಮೇಡಂ. ಜೊತೇಲಿ ಕಂಟ್ರಾಕ್ಟ್ರ ಮೇಸ್ತ್ರಿ ಕಾಡಪ್ಪ. ಮೇಲಿನ ದಡದಲ್ಲೇ ನಿಲ್ಸಿ, "ನೋಡಿ ಮೇಡಂ, ಪೂರಾ ಒಣಗೋಗೈತೆ" ಅಂದ. ಅಷ್ಟ್ರಲ್ಲಿ ಸಿದ್ದಕ್ಕ ಅರಿಶಿನ ಕುಂಕುಮದ ತಟ್ಟೆ ಇಡ್ಕೊಂಡು ಮೇಲೆ ಬಂದ್ಳು. "ಬರ್ರೀ ಅಕ್ಕಾರ, ಕೆಳಗ ನಮ್ಮ ಸೊಸಿ ಗಂಗೀ ಪೂಜಿ ಐತಿ. ಕೂಸಿಗೆ ಆಶೀರ್ವಾದ ಮಾಡ್ರಿ."

ಕಾಡಪ್ಪನ ಮುಖ ನೋಡ್ಬೇಕಿತ್ತು! "ಬೇಡಿ ಮೇಡಂ, ಕೆಳಗೆ ನಾಗರಾವು ಐತೆ."

"ಅದಾವ್ರೀ," ಅಂದ್ಳು ಸಿದ್ದಕ್ಕ. "ನೀರಿದ್ದಲ್ಲೇ ಇರ್ತಾವ. ಒಣ ಕುಣ್ಯಾಗ ಕಪ್ಪಿ ಎಲ್ಲಿ ಸಿಗ್ತಾವ ಅವಕ್ಕ?"

ಮೇಡಂ ಜೋರಾಗಿ ನಕ್ಬಿಟ್ರು. ಕುಂಕುಮ ಬೇಡ ಅನ್ನೋಕೂ ಆಗ್ಲಿಲ್ಲ, ಚಪ್ಲಿ ಬಿಟ್ಟು ಇಳುದ್ರು. ಕೆಳಗೆ ತಿಳಿ ನೀರು. ದಡದಲ್ಲಿ ಐದು ಕಲ್ಲಿಟ್ಟು ಅರಿಶಿನ ಅಚ್ಚಿ, ಬಾಣಂತಿ ಕೊಡ ಮುಳುಗಿಸ್ತಾವ್ಳೆ. ಮೇಡಂ ಕುಂಕುಮ ಇಟ್ಕೊಂಡು ಮಗೂನ ಎತ್ಕೊಂಡ್ರು. ಅದು ಅವ್ರ ಸೀರೆ ಮೇಲೆ ಉಚ್ಚೆ ಉಯ್ದ್ಬಿಡ್ತು, ನಾನು ನಾಚ್ಕೆ ಪಟ್ಕೊಂಡು ಸತ್ತೆ! ಅವರೇನೂ ಅನ್ಲಿಲ್ಲ. ನಮ್ಮ ಬೋರ್ ಎಲ್ಲೈತೆ, ಯಾರ್ಯಾರು ಕುಡೀತೀರ ಅಂತ ಕೇಳಿ, ಫೋಟೋ ತೆಗ್ದು ಒಂಟೋದ್ರು.

ಆಮೇಲೆ ಎಷ್ಟೋ ದಿನ ನಿದ್ದೆ ಇಲ್ಲ. ಸಿದ್ದಕ್ಕ ಲಾರಿ ಸದ್ದಾದ್ರೆ ಒಲೆ ಮೇಲಿನ ರೊಟ್ಟಿ ಬಿಟ್ಟು ಈಚೆಗೆ ಓಡ್ತಿದ್ಳು.

ನಿನ್ನೆ ಆರ್ಡ್ರು ಬಂತು ಕಣೋ! ಬೂದಿ ಆಕಂಗಿಲ್ಲ. ಮೇಲಿನ ಒಣ ಜಾಗಕ್ಕೆ ಬರೀ ಮಣ್ಣು. ನೀರಿರೋ ಕಡೆ ಬೇಲಿ ಆಕಿ ಅಂಗೇ ಬಿಡ್ಬೇಕು. ಸಿದ್ದಕ್ಕ ಅಳ್ತಾ ನಗ್ತಾ ನನ್ನ ಕೈ ಇಡ್ಕೊಂಡ್ಳು. "ಕೂಸು ಇಲ್ಲೀ ನೀರ್ ಕುಡದೇ ಬೆಳೀಲಿ ಬಿಡ್ರೀ" ಅಂದ್ಳು. ನನ್ಗೂ ರಾತ್ರಿ ನಿದ್ದೆ ಬಂತು.

ಮಣ್ಣು ಆಕೋಕೆ ಮುಂಚೆ ಬೋರ್ ನೀರು ಪರೀಕ್ಷೆ ಆಗ್ಬೇಕಂತೆ. ಸಿದ್ದಕ್ಕಂಗೆ ನಾಳೆ ಬೆಳಗಿನ ಶಿಫ್ಟು. ಅದ್ಕೆ ನೀನು ಗಾಡೀಲಿ ಓಗೋವಾಗ ಶೈಲಶ್ರೀ ಅತ್ರ ನೀರಿನ ಬಾಟ್ಲಿ ಇಸ್ಕೊಂಡು ಮೇಡಂ ಆಫೀಸಿಗೆ ಕೊಟ್ಬಿಡು. ಮುಚ್ಚಳ ಬಿಗಿ ನೋಡ್ಕೋ. ದಾರೀಲಿ ಬಾಯಾರ್ತು ಅಂತ ಕುಡ್ದ್‌ಗಿಡ್ದೀಯ!